ಬಂದೆ ಎಂದವರ ಮನೆ

ನಮ್ಮ ಅಕ್ಕನನ್ನು ಯಾರಾದರೂ ಕರೆದರೆ ಅವಳು ಓಗೊಡುವುದಿಲ್ಲ. ಕಿವಿ ಚೆನ್ನಾಗಿಯೇ ಇದೆ. ಪಕ್ಕದ ಮನೆಯಲ್ಲಿ ಹಾಲು ಉಕ್ಕಿದರೆ ನಮ್ಮ ಮನೆಯಿಂದಲೇ ಕೂಗಿ ಹೇಳುವಷ್ಟು ಚೆನ್ನಾಗಿದೆ. ಆದರೆ ನಾನು ಅಡುಗೆಮನೆಯಿಂದ "ಅಕ್ಕಾ" ಎಂದರೆ ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಬಂದು ಬೆನ್ನ ಹಿಂದೆ ನಿಂತಿರುತ್ತಾಳೆ. ಮೊದಮೊದಲು ನನ್ನ ಎದೆ ಧಸಕ್ಕೆನ್ನುತ್ತಿತ್ತು.

"ಬಂದೆ ಅಂತ ಒಂದು ಮಾತಂದ್ರೆ ಬಾಯಿಂದ ಮುತ್ತು ಉದುರುತ್ತಾ ನಿಂಗೆ?" ಎಂದು ಒಮ್ಮೆ ಬೈದೆ.

"ಬಂದ ಮೇಲೆ ಅಂತೀನಿ" ಎಂದಳು.

ಬಂದ ಮೇಲೆ ಅದನ್ನು ಹೇಳಿ ಯಾರಿಗೆ ಏನಾಗಬೇಕು? ಆದರೆ ಅಕ್ಕನ ಜೊತೆ ವಾದಕ್ಕೆ ಇಳಿಯುವುದು ಗೋಡೆಗೆ ಹಣೆ ಚಚ್ಚಿಕೊಂಡಂತೆ. ಗೋಡೆಗೇನೂ ಆಗುವುದಿಲ್ಲ.

ಅಕ್ಕ ಲೆಕ್ಕಪರಿಶೋಧನೆ ಇಲಾಖೆಯಲ್ಲಿದ್ದವಳು. ಮನೆ ಇಲ್ಲದವರಿಗೆ ಮನೆ ಕಟ್ಟಿಸಲು, ನೆರೆ ಬಂದಲ್ಲಿ ಪರಿಹಾರ ಕೊಡಲು ಕೇಂದ್ರ ಸರ್ಕಾರ ಊರೂರಿನ ಪುರಸಭೆಗಳಿಗೆ ಹಣ ಕಳಿಸುತ್ತದಲ್ಲ, ಆ ಹಣ ನಿಜವಾಗಿ ಮನೆಯಾಯಿತೋ, ಇಲ್ಲ ಯಾರದೋ ಮನೆಯ ಎರಡನೇ ಮಹಡಿಯಾಯಿತೋ ಎಂದು ನೋಡುವುದು ಅವಳ ಕೆಲಸ. ಅವಳ ಜೊತೆಯವರು ಇದನ್ನು ಫ್ಯಾನಿನ ಕೆಳಗೆ ಕೂತು ಕಡತಗಳಲ್ಲಿ ನೋಡುತ್ತಿದ್ದರು. ಕಡತದಲ್ಲಿ ಎಲ್ಲ ಮನೆಗಳಿಗೂ ಬಾಗಿಲು, ಕಿಟಕಿ, ನಲ್ಲಿ, ದೀಪ ಇದ್ದೇ ಇರುತ್ತವೆ. ಅಕ್ಕ ಮಾತ್ರ ಹೋಗಿ ಬಾಗಿಲು ಬಡಿಯುತ್ತಿದ್ದಳು. ಒಂದೆರಡು ಮನೆಯನ್ನು ನೋಡಿ ಉಳಿದದ್ದನ್ನು ಊಹಿಸುವವಳಲ್ಲ. ಯೋಜನೆಯಲ್ಲಿ ಎಷ್ಟು ಮನೆಗಳಿವೆಯೋ ಅಷ್ಟೂ ಬಾಗಿಲು. ಕೈ ನೋಯುತ್ತದೆಂದು ನಮ್ಮ ಮನೆಯ ಬೀಗದ ಕೈಯಿಂದ ಬಡಿಯುತ್ತಿದ್ದಳು. ಆಮೇಲೆ ಒಳಗೆ ಹೋಗಿ ನಲ್ಲಿ ತಿರುಗಿಸುವಳು, ಗೋಡೆಗೆ ಅಂಗೈ ಒತ್ತುವಳು, ಮನೆಯವರನ್ನು ಮಾತಾಡಿಸುವಳು. ಅಲ್ಲಿ ಯಾರು ಏನು ಕೊಟ್ಟರೂ ಮುಟ್ಟುತ್ತಿರಲಿಲ್ಲ. ಕುಡಿಯುವ ನೀರನ್ನೂ ಮನೆಯಿಂದ ಒಯ್ಯುವಳು. ಕಚೇರಿಯಲ್ಲಿ ಅವಳಿಗೆ ಬಾಗಿಲಕ್ಕ ಎಂದೇ ಹೆಸರು. ಎದುರಿಗೆ ಮೇಡಂ, ಬೆನ್ನ ಹಿಂದೆ ಬಾಗಿಲಕ್ಕ. ಅವಳಿಗದು ಗೊತ್ತಿತ್ತು, ಬೇಜಾರಿರಲಿಲ್ಲ.

ಅವಳು ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಹೊಲಿಗೆ ಯಂತ್ರದ ಸಮೇತ ಅವಳ ಮನೆ ಸೇರಿದೆ. ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತೇನೆ. ಲಂಗದ ಅಳತೆಯಿಂದ ಹಿಡಿದು ಲೋಕದ ಸುದ್ದಿಯವರೆಗೆ ಏನು ಹೇಳಿದರೂ ಅಕ್ಕ ಒಂದೇ ಪ್ರಶ್ನೆ ಕೇಳುವಳು: "ನೀನು ಕಂಡಿದ್ದಾ, ಅಂದ್ಕೊಂಡಿದ್ದಾ?" ಈ ಪ್ರಶ್ನೆಗೆ ಹೆದರಿಯೇ ನಾನು ಎಷ್ಟೋ ಒಳ್ಳೊಳ್ಳೆಯ ಚಾಡಿಗಳನ್ನು ನುಂಗಿಕೊಂಡಿದ್ದೇನೆ.

ಅವಳು "ಬಂದೆ" ಎನ್ನುವುದನ್ನು ಬಿಟ್ಟದ್ದು ಒಂದು ಊರಿನ ಪರಿಶೀಲನೆ ಮುಗಿಸಿ ಬಂದ ಮೇಲೆ. ಏನಾಯಿತೆಂದು ಒಮ್ಮೆಲೇ ಹೇಳಲಿಲ್ಲ. ತರಕಾರಿ ಹೆಚ್ಚುವಾಗ ಒಂದು ತುಂಡು, ಬಟ್ಟೆ ಮಡಿಸುವಾಗ ಒಂದು ತುಂಡು ಹೇಳಿದಳು. ಅವನ್ನೆಲ್ಲ ನಾನು ಸೇರಿಸಿದ್ದೇನೆ. ಬಟ್ಟೆ ಅವಳದು, ಹೊಲಿಗೆ ನನ್ನದು.

ಆ ಊರಿನ ತಗ್ಗಿನ ಬೀದಿಗಳಿಗೆ ಹೊಳೆ ನುಗ್ಗಿ ಮನೆಗಳು ಕುಸಿದಿದ್ದವು. ಮನೆ ಕಳೆದುಕೊಂಡವರನ್ನು ಊರಾಚೆ ತಗಡಿನ ಶೆಡ್‌ಗಳಲ್ಲಿ ಇಟ್ಟಿದ್ದರು. ಕೇಂದ್ರದ ಅನುದಾನದಲ್ಲಿ ಪುರಸಭೆ ಅವರಿಗಾಗಿ ಎತ್ತರದ ಬಂಜರು ಜಾಗದಲ್ಲಿ ಹೊಸ ಬಡಾವಣೆ ಕಟ್ಟಿತು. ಎಲ್ಲ ಕುಟುಂಬಗಳೂ ಹೊಸ ಮನೆಗಳಲ್ಲಿ ಸುಖವಾಗಿವೆ ಎಂದು ಬರೆದು ಕಳಿಸಿತು. ಅಕ್ಕ ಹೌದೆಂದರೆ ಕಂಟ್ರಾಕ್ಟರನಿಗೆ ಕೊನೆಯ ಕಂತು ಸಿಗುತ್ತಿತ್ತು, ಮರುವಾರವೇ ಶೆಡ್‌ಗಳನ್ನು ಕೀಳಿಸುತ್ತಿದ್ದರು. ಅಲ್ಲವೆಂದರೆ ಎರಡೂ ನಿಲ್ಲುತ್ತಿದ್ದವು.

ಪುರಸಭೆಯ ಎಂಜಿನಿಯರ್ ಅವಳನ್ನು ಕರೆದುಕೊಂಡು ಹೋದ. ಮಾತಿನ ಮಲ್ಲ. ಜೀಪಿನಲ್ಲಿ ಕೂತಲ್ಲಿಂದ ಇಳಿಯುವವರೆಗೆ ಸಿಮೆಂಟಿನ ಗುಣಗಾನ ಮಾಡಿದನಂತೆ. ಇಳಿದಾಗ ನಡುಮಧ್ಯಾಹ್ನ. ಒಂದೇ ಬಣ್ಣದ, ಒಂದೇ ಅಳತೆಯ ಮನೆಗಳ ಒಂದು ಉದ್ದ ಸಾಲು. ಬಾಗಿಲುಗಳೆಲ್ಲ ಮುಚ್ಚಿದ್ದವು. ಒಗೆದು ಹರವಿದ ಬಟ್ಟೆ ಎಲ್ಲೂ ಇಲ್ಲ. ಒಗ್ಗರಣೆಯ ವಾಸನೆ ಇಲ್ಲ. ನಾಯಿ ಇಲ್ಲ. ನಾಯಿಯೂ ಇಲ್ಲದ ಬೀದಿಯಲ್ಲಿ ಮನುಷ್ಯರು ಹೇಗಿರುತ್ತಾರೆ ಎಂದು ಅಕ್ಕ ಅಂದುಕೊಂಡಳು. ಆದರೆ ಅದು ಅಂದುಕೊಂಡದ್ದು, ಕಂಡದ್ದಲ್ಲ. ಬೀಗದ ಕೈ ತೆಗೆದು ಮೊದಲ ಬಾಗಿಲು ಬಡಿದಳು.

"ಮನೇಲಿ ಯಾರಿದ್ದೀರಿ?"

"ಬಂದೆ" ಎಂದಿತು ಒಳಗಿನಿಂದ ಒಂದು ಹೆಣ್ಣುದನಿ.

ಅಕ್ಕ ಕಾದಳು. ಯಾರೂ ಬರಲಿಲ್ಲ. ಮತ್ತೆ ಬಡಿದಳು. ಸದ್ದಿಲ್ಲ.

"ಸ್ನಾನಕ್ಕೆ ಹೋಗಿರ್ಬೇಕು ಮೇಡಂ. ಹೊರಗಿನವರು ಅಂದ್ರೆ ಸಂಕೋಚ ಬೇರೆ. ಜನ ಇದ್ದಾರೆ ಅಂತ ಗೊತ್ತಾಯ್ತಲ್ಲ, ಬರ್ಕೊಳ್ಳಿ" ಎಂದ ಎಂಜಿನಿಯರ್.

ಅವಳು ಬರೆದುಕೊಳ್ಳಲಿಲ್ಲ. ಎರಡನೆಯ ಮನೆಯ ಬಾಗಿಲು ಬಡಿದಳು. "ಬಂದೆ." ಈ ಸಲ ದನಿ ಮುದಿಯಾಗಿತ್ತು. ಮೂರನೆಯದರಲ್ಲಿ ಹುಡುಗಿಯ ದನಿ, ಮತ್ತೊಂದರಲ್ಲಿ ನೆಗಡಿಯಾದವಳ ದನಿ. ಎಲ್ಲ ಮನೆಯಲ್ಲೂ ಅದೇ ಒಂದು ಮಾತು, ಬಂದೆ. ಬಂದವರು ಯಾರೂ ಇಲ್ಲ. ಇಡೀ ಬೀದಿ ಒಟ್ಟಿಗೇ ಸ್ನಾನಕ್ಕೆ ಕೂತದ್ದನ್ನು ಅಕ್ಕ ತನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ.

"ಯಾರೂ ಬರ್ಲಿಲ್ಲ ಅಂತ ಹೆದ್ರಿಕೆ ಆಗ್ಲಿಲ್ಲ ಕಣೇ" ಎಂದು ಅವಳು ನನಗೆ ಹೇಳಿದ್ದಳು. "ಬಂದೆ ಅಂದಾಗೆಲ್ಲ ಬಾಗಿಲ ಆಚೆ ಯಾರೋ ಆಗ್ಲೇ ಬಂದು ನಿಂತಿದ್ದಾರೆ ಅನ್ನಿಸ್ತಿತ್ತು. ನನ್ನಷ್ಟೇ ಸುಮ್ನೆ. ನನ್ನಷ್ಟೇ ಹತ್ರ."

ನಮ್ಮ ಮಾತೇ ವಿಚಿತ್ರ. ಕೂತಲ್ಲಿಂದ ಇನ್ನೂ ಎದ್ದಿರುವುದಿಲ್ಲ, ಬಂದೆ ಎನ್ನುತ್ತೇವೆ. ಎದ್ದು ಹೊರಡುವಾಗ ಬರ್ತೀನಿ ಎನ್ನುತ್ತೇವೆ. ಹೋದವರು ಬರುವವರಾಗುತ್ತಾರೆ, ಬಾರದವರು ಬಂದವರಾಗುತ್ತಾರೆ. ಸುಳ್ಳೆಂದು ಯಾರಿಗೂ ಅನ್ನಿಸುವುದಿಲ್ಲ, ಏಕೆಂದರೆ ಸಾಮಾನ್ಯವಾಗಿ ಹಿಂದಿನಿಂದ ಮನುಷ್ಯರೂ ಬರುತ್ತಾರೆ.

ಸಾಲಿನ ನಡುವೆ ಒಂದು ಮನೆಯಲ್ಲಿ "ಬಂದೆ" ಎಂದ ಕೂಡಲೇ ಅಕ್ಕ ಕಾಯಲಿಲ್ಲ. ಓಡಿದಳು. ಕುಳ್ಳಗಿನ ನಮ್ಮ ಅಕ್ಕ ಕೊಡೆ ಹಿಡಿದು ಓಡಿದ್ದನ್ನು ನಾನು ನೋಡಬೇಕಿತ್ತು. ಮನೆಯನ್ನು ಸುತ್ತಿ ಹಿತ್ತಲಿಗೆ ಹೋದರೆ ಹಿಂದಿನ ಬಾಗಿಲಿಂದ ಒಬ್ಬ ಹೆಂಗಸು ಹೊರಬಿದ್ದು ಪಕ್ಕದ ಮನೆಯ ಹಿಂಬಾಗಿಲಿಗೆ ಕೈ ಹಾಕಿದ್ದಳು. ಬರಿಗಾಲು, ಮೈಯೆಲ್ಲ ಬೆವರು. ಅಕ್ಕನನ್ನು ಕಂಡು ಏನು ಹೇಳಬೇಕೋ ತಿಳಿಯದೆ ಬಾಯಿ ತೆರೆದಳು. ಬಂದ ಮಾತು ಒಂದೇ: "ಬಂದೆ."

ಎಂಜಿನಿಯರ್ ಆಕಾಶ ನೋಡಿದ.

ಹೆಂಗಸು ಅಲ್ಲಿಯೇ ಕುಸಿದು ಕೂತು ಎಲ್ಲ ಹೇಳಿದಳು. ಅವಳೂ ಶೆಡ್‌ನವಳೇ. ಹೊಸ ಮನೆಗಳಿಗೆ ನೀರೇ ಬಂದಿಲ್ಲವಾದ್ದರಿಂದ ಇಲ್ಲಿ ಯಾರೂ ಇಲ್ಲ. ಇವತ್ತು ಶೆಡ್‌ನವರು ಇತ್ತ ಸುಳಿಯದಂತೆ ಮಾಡಿ, ಇವಳೊಬ್ಬಳನ್ನು ಹಿತ್ತಲಲ್ಲಿ ನಿಲ್ಲಿಸಿದ್ದರು. ಮೇಡಂ ಬಡಿದಲ್ಲೆಲ್ಲ ಒಳಗಿನಿಂದ ಒಂದು ಮಾತು ಆಡಬೇಕು. ಅದಕ್ಕೆ ಬದಲಾಗಿ ಸಾಲಿನ ಕೊನೆಯ ಮನೆಯ ಬೀಗದ ಕೈ ಅವಳ ಕೈಗೆ.

"ಕೊನೇ ಮನೆ ನಮ್ಮತ್ತೆ ಹೆಸರಲ್ಲಿದೆ ಮೇಡಂ. ಅತ್ತೆ ಹೊಳೇಲಿ ಹೋದ್ರು, ಸಿಗಲೇ ಇಲ್ಲ. ಸಿಗದೇ ಇದ್ರೆ ಸತ್ತಿಲ್ಲ ಅಂತಾರೆ ಪುರಸಭೇಲಿ. ಇದ್ದಾರೆ ಅಂತ ತೋರಿಸು, ಇಲ್ಲಾಂದ್ರೆ ಖಾಲಿ ಮನೆ ಅಂತ ಬೇರೆಯವರಿಗೆ ಕೊಡ್ತೀವಿ ಅಂತಾರೆ. ನಂಗೆ ಗಂಡ ಇಲ್ಲ, ಮಕ್ಕಳಿಲ್ಲ. ಶೆಡ್ ಕಿತ್ರೆ ನಾನೆಲ್ಲಿಗೆ ಹೋಗ್ಲಿ? ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

"ಶೆಡ್‌ನಲ್ಲಿ ನೀನೊಬ್ಬಳೇ ಇಲ್ವಲ್ಲಮ್ಮ" ಎಂದಳು ಅಕ್ಕ. ಬೈದು ಹೇಳಲಿಲ್ಲ. ಆದರೂ ಆ ಸೊಸೆ ತಲೆ ತಗ್ಗಿಸಿದಳು.

ಇಷ್ಟಾದ ಮೇಲೆ ಬೇರೆ ಯಾರಾದರೂ ಜೀಪು ಹತ್ತಿ ಬಿಡುತ್ತಿದ್ದರು. ಅಕ್ಕ ಮಾತ್ರ ಉಳಿದ ಬಾಗಿಲುಗಳನ್ನೂ ಬಡಿಯಲೇಬೇಕೆಂದಳು. ಸೊಸೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಡಿಯುತ್ತ ಹೋದಳು. ಈಗ ಯಾವ ಮನೆಯಿಂದಲೂ ಉತ್ತರವಿಲ್ಲ. ಸಾಲು ಮುಗಿದು ಕೊನೆಯ ಮನೆ ಬಂತು. ಅದರ ಹಿಂದೆ ಬಂಡೆ ಇದ್ದುದರಿಂದ ಹಿಂಬಾಗಿಲು ಇಟ್ಟಿರಲಿಲ್ಲ. ಮುಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಬೀಗ ತುಕ್ಕು ಹಿಡಿದಿತ್ತು.

"ಇಲ್ಲಿ ಕೂಗಲ್ಲ ಅಂತ ನಾನು ಮೊದಲೇ ಹೇಳಿದ್ದೆ" ಎಂದಳು ಸೊಸೆ. "ಇದೊಂದು ಬೀಗ ಹಾಕಿದೆ, ಅಜ್ಜಿ ಎಲ್ಲೋ ಹೋಗಿದ್ದಾರೆ ಅಂತ ಹೇಳೋದು ಅಂತ ಮಾತಾಗಿತ್ತು."

ಅಕ್ಕ ಬೀಗದ ಕೈಯಿಂದ ಬಡಿದಳು.

"ಬಂದೆ" ಎಂದಿತು ಒಳಗಿನಿಂದ.

ಎಂಜಿನಿಯರ್ ಮೊದಲು ನಕ್ಕನಂತೆ. ಸೊಸೆಯ ಕಡೆ ತಿರುಗಿ, ಇದೊಂದು ವಿದ್ಯೆ ಬೇರೆ ಕಲಿತಿದ್ದೀಯಾ ಎನ್ನುವಂತೆ ನೋಡಿದ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಅವಳು ತೇವ ಹಿಡಿದ ಗೋಡೆಯ ಹಾಗೆ ಬೂದಿಬಣ್ಣವಾಗಿದ್ದಳು. ತುಟಿ ಒಂದಕ್ಕೊಂದು ಅಂಟಿತ್ತು.

"ಬೀಗ ತೆಗೀರಿ" ಎಂದಳು ಅಕ್ಕ.

ಎಂಜಿನಿಯರ್ ಜೇಬಿನಿಂದ ಆ ಮನೆಯ ಬೀಗದ ಕೈ ತೆಗೆದು, ತುಕ್ಕು ಹಿಡಿದ ಬೀಗವನ್ನು ತಿರುಗಿಸಿ ತಿರುಗಿಸಿ ತೆಗೆದ. ಒಳಗೆ ಒಂದು ಹಜಾರ, ಒಂದು ಅಡುಗೆಮನೆ, ಒಂದು ಬಚ್ಚಲು. ನೆಲದ ತುಂಬ ಹಿಟ್ಟಿನಂಥ ಧೂಳು, ಅದರ ಮೇಲೆ ಒಂದು ಹೆಜ್ಜೆಯೂ ಇಲ್ಲ. ಕಿಟಕಿಗೆ ಸರಳು. ನಲ್ಲಿಯ ಕುತ್ತಿಗೆಯಲ್ಲಿ ಅಂಗಡಿಯ ಚೀಟಿ ಹಾಗೇ ನೇತಾಡುತ್ತಿತ್ತು. ತಿರುಗಿಸಿದರೆ ನೀರಲ್ಲ, ಒಂದು ನಿಟ್ಟುಸಿರು ಬಂತು. ಅಕ್ಕ ಹಜಾರದ ನಡುವೆ ನಿಂತು "ಯಾರಿದ್ದೀರಿ?" ಎಂದು ಕೇಳಿದಳು. ಏನೂ ಇಲ್ಲ. ಹೊರಗೆ ಬಂದಳು. ಬಾಗಿಲು ಎಳೆದುಕೊಂಡಳು. ಇನ್ನೊಮ್ಮೆ ಬಡಿದಳು.

"ಬಂದೆ."

ಆಯಾಸದ, ಪ್ರೀತಿಯ ದನಿ. ಕೈಯಲ್ಲಿರುವ ಕೆಲಸವೊಂದು ಮುಗಿದರೆ ಸಾಕು, ಬಂದೇಬಿಟ್ಟೆ ಎನ್ನುವ ದನಿ. ಎಂಜಿನಿಯರ್ "ಬಿಸಿಲಿಗೆ ಒಂದೊಂದ್ಸಲ ಹೀಗಾಗುತ್ತೆ ಮೇಡಂ" ಎಂದು ಗೊಣಗಿ, ಜೀಪಿನ ಕಡೆ ನಡೆದ. ನಡೆದ ಎಂದು ಅಕ್ಕ ಹೇಳುವುದು ಅವಳ ದೊಡ್ಡತನ.

"ನಮ್ಮತ್ತೆ ದನಿ ಅದು" ಎಂದಳು ಸೊಸೆ. ಆಮೇಲೆ ಹೇಳಿದ್ದನ್ನು ಅಕ್ಕ ನನಗೆ ಒಂದೇ ಸಲ ಹೇಳಿದ್ದಾಳೆ. ಎರಡನೆಯ ಸಲ ಕೇಳುವ ಧೈರ್ಯ ನನಗೂ ಬಂದಿಲ್ಲ.

"ಹೊಳೆ ಮಧ್ಯಾಹ್ನ ಬಂತು ಮೇಡಂ. ನೀರು ಹೊಸ್ತಿಲು ದಾಟ್ತಿತ್ತು. ನಾನು ಗಂಟು ಹೊತ್ಕೊಂಡು ಬಾಗಿಲಲ್ಲಿ ನಿಂತು, ಅತ್ತೇ ಬೇಗ ಬನ್ನಿ ಅಂತ ಕೂಗ್ದೆ. ಒಳಗಿಂದ ಬಂದೆ ಅಂದ್ರು. ಬಂದೆ ಅಂದ್ರಲ್ಲ, ಬಂದ್ರು ಅಂದ್ಕೊಂಡೆ. ಬೆನ್ನ ಹಿಂದೇನೇ ಇದ್ದಾರೆ ಅಂದ್ಕೊಂಡು ದಾರಿಯುದ್ದಕ್ಕೂ ಅವರ ಜೊತೆ ಮಾತಾಡ್ತಾನೇ ಹೋದೆ. ದಿಬ್ಬ ಹತ್ತಿ ತಿರುಗಿ ನೋಡಿದ್ರೆ ಬರೀ ನೀರು." ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದಳು: "ಇವರು ಏನಾದ್ರೂ ಒಂದು ಮಾತು ಕೂಗು ಅಂದ್ರು. ಯಾರದು ಅನ್ನಬಹುದಿತ್ತು, ಇರಿ ಅನ್ನಬಹುದಿತ್ತು. ನನ್ನ ಬಾಯಿಗೆ ಇದು ಬಿಟ್ಟು ಬೇರೆ ಮಾತು ಬರಲ್ಲ."

ಆಮೇಲೆ ಅಕ್ಕನ ಕೈ ಹಿಡಿದುಕೊಂಡಳು. "ಬೇರೆ ಮನೆಗಳಿಗೆ ಏನು ಬೇಕಾದ್ರೂ ಬರೀರಿ ಮೇಡಂ. ಇದೊಂದಕ್ಕೆ ಇದ್ದಾರೆ ಅಂತ ಬರೀರಿ. ಉತ್ತರ ಬಂತಲ್ಲ. ನೀವೇ ಕೇಳಿದ್ರಲ್ಲ."

ಅಕ್ಕ ಬರೆಯುವುದಾದರೂ ಏನು? ಇದ್ದಾರೆ ಎಂದು ಬರೆದರೆ ಅವಳು ಕಂಡದ್ದಲ್ಲ. ಇಲ್ಲ ಎಂದು ಬರೆದರೆ ಅವಳು ಕೇಳಿದ್ದಲ್ಲ. ಅತ್ತ ಜೀಪಿನಲ್ಲಿ ಹಾರ್ನ್ ಮೇಲೆ ಹಾರ್ನ್. ಸೊಸೆ ಹೋಗಿ ಆ ಮನೆಯ ಹೊಸ್ತಿಲ ಮೇಲೆ ಕೂತಳು, ಬಾಗಿಲ ಕಡೆ ಮುಖ ಮಾಡಿ.

"ಅವತ್ತು ಕಾಯ್ಲಿಲ್ಲ. ಇವತ್ತು ಕಾಯ್ತೀನಿ. ನೀವು ಹೋಗಿ ಮೇಡಂ."

ಹೋಗಿ ಎಂದು ನಮ್ಮಲ್ಲಿ ಹೊರಟವರಿಗೆ ಯಾರೂ ಬರಿದೆ ಹೇಳುವುದಿಲ್ಲ, ಹೋಗಿ ಬನ್ನಿ ಎನ್ನುತ್ತಾರೆ. ಅವಳು ಹೇಳಿದಳು. ಅದು ಅಕ್ಕನಿಗೆ ಚುಚ್ಚಿತು. "ಬರ್ತೀನಮ್ಮ" ಎಂದು ಹೇಳಿ ಜೀಪು ಹತ್ತಿದಳು.

ವರದಿಯಲ್ಲಿ ಅಷ್ಟೂ ಮನೆಗಳಿಗೆ ಯಾರೂ ವಾಸವಿಲ್ಲ, ನೀರಿಲ್ಲ ಎಂದು ಬರೆದಳು. ಕೊನೆಯ ಮನೆಗೆ ಬರೆದದ್ದು ಹೀಗೆ: ಬಾಗಿಲು ಬಡಿದಾಗ ಒಳಗಿನಿಂದ ಉತ್ತರ ಬಂದಿತು. ಯಾರೂ ಬರಲಿಲ್ಲ.

ಅವಳ ಮೇಲಧಿಕಾರಿ ಕರೆಸಿ ಕೇಳಿದರಂತೆ. "ಏನಮ್ಮಾ ಇದು, ಆಡಿಟ್ ವರದಿನೋ ಅಡಗೂಲಜ್ಜಿ ಕತೆನೋ? ಇದ್ದಾರೆ ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು."

"ಅದೇ ಸರ್ ಆಗಿದ್ದು" ಎಂದಳು ಅಕ್ಕ.

"ತಿದ್ದು."

"ನೀವು ಹೋಗಿ ಬಾಗಿಲು ಬಡಿದು ಬನ್ನಿ ಸರ್, ಆಮೇಲೆ ತಿದ್ತೀನಿ."

ಅವರು ಹೋಗಲಿಲ್ಲ. ಎಂಜಿನಿಯರನ ಬಾಯಿಂದ ಏನಾದರೂ ಕೇಳಿದ್ದರೋ ಏನೋ, ನನಗೆ ಗೊತ್ತಿಲ್ಲ. ಕಂಟ್ರಾಕ್ಟರನ ಕಂತು ನಿಂತಿತು, ಶೆಡ್‌ಗಳು ಉಳಿದವು. ನೀರಿನ ಪೈಪು ಎಳೆಯುವವರೆಗೂ ಪುರಸಭೆಯವರು ಅಕ್ಕನಿಗೆ ಹಾಕಿದ ಶಾಪವೆಲ್ಲ ಫಲಿಸಿದ್ದರೆ ಅವಳು ಇವತ್ತು ಇರುತ್ತಿರಲಿಲ್ಲ. ಕೊನೆಯ ಮನೆಯ ಕತೆ ಮಾತ್ರ ತಮಾಷೆಯಾಯಿತು. ಖಾಲಿ ಎಂದಿದ್ದರೆ ಬೇರೆಯವರಿಗೆ ಕೊಡಬಹುದಿತ್ತು. ಆದರೆ ಉತ್ತರ ಬಂದ ಮನೆ ಖಾಲಿ ಹೇಗಾದೀತು? ಆ ಒಂದು ಸಾಲಿನ ಮೇಲೆ ಪ್ರಶ್ನೆ ಬರೆದರು, ಸ್ಪಷ್ಟೀಕರಣ ಕೇಳಿದರು, ಮೇಲೆ ಕಳಿಸಿದರು, ಕೆಳಗೆ ಕಳಿಸಿದರು. ಇತ್ಯರ್ಥವಾಗುವವರೆಗೆ ಮನೆಯನ್ನು ಯಾರೂ ಮುಟ್ಟುವಂತಿರಲಿಲ್ಲ. ಕೊನೆಗೆ ಅತ್ತೆಗೆ ಮರಣಪತ್ರ ಸಿಕ್ಕಿ, ಸೊಸೆಯೇ ವಾರಸುದಾರಳೆಂದು ತೀರ್ಮಾನವಾದಾಗ, ಮನೆ ಅವಳಿಗಾಗಿಯೇ ಕಾದಿದ್ದಂತೆ ಹಾಗೇ ಇತ್ತು. ಇಷ್ಟು ದೂರ ಯೋಚಿಸಿ ಆ ಸಾಲು ಬರೆದೆಯಾ ಎಂದು ಅಕ್ಕನನ್ನು ಕೇಳಿದೆ. "ಯೋಚನೆ ಏನು ಬಂತು, ಕೇಳಿದ್ದು ಬರೆದೆ" ಎಂದಳು.

ಅವಳು ನಿವೃತ್ತಳಾದ ಮೇಲೆ ಒಂದು ದಿನ "ನಡಿ, ಒಂದು ಮನೆಗೆ ಹೋಗಿ ಬರೋಣ. ಬರ್ತೀನಿ ಅಂದಿದ್ದೆ" ಎಂದಳು. ಇಬ್ಬರೂ ಬಸ್ಸಿನಲ್ಲಿ ಹೋದೆವು. ನನಗಂತೂ ನಂಬಿಕೆ ಇರಲಿಲ್ಲ. ಖಾಲಿ ಮನೆಯಲ್ಲಿ ದನಿ ಮಾರ್ದನಿಸುತ್ತದೆ, ಮನಸ್ಸು ಬೇಕಾದ್ದನ್ನು ಕೇಳಿಸಿಕೊಳ್ಳುತ್ತದೆ ಎಂದು ದಾರಿಯುದ್ದಕ್ಕೂ ಉಪದೇಶ ಮಾಡಿದೆ. ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಬಡಾವಣೆ ಈಗ ಬಡಾವಣೆಯಾಗಿತ್ತು. ಬಟ್ಟೆ ಒಣಗುತ್ತಿದ್ದವು, ಜಗಳ ನಡೆದಿತ್ತು, ನಾಯಿಗಳು ಬೇಕಾದಷ್ಟಿದ್ದವು. ಕೊನೆಯ ಮನೆಯ ಬಾಗಿಲನ್ನು ಅಕ್ಕ ಬೀಗದ ಕೈಯಿಂದ ಬಡಿದಳು. ನಾನು ನನಗರಿವಿಲ್ಲದೆ ಅವಳ ತೋಳು ಹಿಡಿದಿದ್ದೆ. ಒಳಗಿನಿಂದ ಯಾವ ಮಾತೂ ಬರಲಿಲ್ಲ. ಬಾಗಿಲು ತೆರೆಯಿತು, ಸೊಸೆ ನಿಂತಿದ್ದಳು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

"ಬನ್ನಿ ಮೇಡಂ. ಬರ್ತೀರಿ ಅಂತ ಗೊತ್ತಿತ್ತು."

ಒಳಗೆ ಎಲ್ಲ ಒಪ್ಪವಾಗಿತ್ತು. ನಲ್ಲಿಯಲ್ಲಿ ನೀರು ಬರುತ್ತಿತ್ತು. ಅಕ್ಕ ಚಾಳಿ ಬಿಡದೆ ತಿರುಗಿಸಿ ನೋಡಿದಳು. ಚಾಪೆ ಹಾಸಿ ಕೂರಿಸಿ ಸೊಸೆ ಚಹಾ ತಂದಳು. ನಾವು ಮೂವರು, ಲೋಟ ನಾಲ್ಕು. ನಾಲ್ಕನೆಯದನ್ನು ಅಡುಗೆಮನೆಯ ಬಾಗಿಲ ಪಕ್ಕ, ಗೋಡೆಗೆ ತಾಗಿದ ಮಣೆಯ ಮುಂದೆ ಇಟ್ಟಳು. ಪಕ್ಕದ ಮನೆಯವರು ಬರುವವರಿರಬೇಕು ಎಂದುಕೊಂಡೆ. ಅಕ್ಕ ತನ್ನ ಲೋಟ ಎತ್ತಿ ಕುಡಿದಳು. ಕೆಲಸದ ಮೇಲೆ ಹೋದ ಊರುಗಳಲ್ಲಿ ಅವಳು ಕುಡಿದ ಮೊದಲ ಚಹಾ ಅದು.

"ಈಗ್ಲೂ ಉತ್ತರ ಬರುತ್ತೇನಮ್ಮ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ ಮೇಡಂ. ಅವತ್ತು ನೀವು ಹೋದ್ಮೇಲೆ ಹೊಸ್ತಿಲ ಮೇಲೆ ಕೂತೆನಲ್ಲ, ಬೆಳಕು ಹೋಗೋವರೆಗೂ ಕಾದೆ. ಆಮೇಲೆ ನಿಂತೋಯ್ತು."

"ಹೋದ್ರಾ?"

ಸೊಸೆ ನಕ್ಕಳು. ಅಂಥ ನೆಮ್ಮದಿಯ ನಗುವನ್ನು ನಾನು ಬಟ್ಟೆ ಹೊಲಿಸಲು ಬರುವ ಯಾವ ಹೆಂಗಸಿನ ಮುಖದಲ್ಲೂ ಕಂಡಿಲ್ಲ.

"ಇಲ್ಲ. ಬಂದ್ರು."

ನಾನು ಉಳಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟೆ. ಸೊಸೆ ಮಾತ್ರ ಏನೂ ಆಗದವಳಂತೆ ಅಕ್ಕನ ಆರೋಗ್ಯ ವಿಚಾರಿಸಿದಳು, ನನ್ನ ಹೊಲಿಗೆಯ ವಿಚಾರ ಕೇಳಿದಳು. ನಾನು ಏನೇನೋ ಹೇಳಿದೆ. ಕಣ್ಣು ಸೊಸೆಯ ಮುಖದ ಮೇಲೇ ಇಟ್ಟಿದ್ದೆ, ಗೋಡೆಯ ಕಡೆ ಹೋಗದಂತೆ. ಹೊರಡಲು ಎದ್ದಾಗ ಅಕ್ಕ ಅವಳಿಗೆ "ಬರ್ತೀನಮ್ಮ" ಎಂದಳು. ಆಮೇಲೆ ಮಣೆಯ ಕಡೆ ತಿರುಗಿ, ಹಿರಿಯರಿಗೆ ಹೇಳುವಂತೆ ಸ್ವಲ್ಪ ಬಾಗಿ, "ಬರ್ತೀನಿ" ಎಂದಳು. ಆಗ ನಾನೂ ನೋಡಿದೆ.

ಬಸ್ಸು ಊರು ದಾಟಿದ ಮೇಲೆ ಕೇಳಿದೆ. "ಅಕ್ಕಾ, ಸೊಸೆನೇ ಕುಡಿದಿರ್ಬೇಕು ಅಲ್ವಾ? ನಾವು ಮಾತಾಡ್ತಿದ್ದಾಗ?"

"ಕಂಡಿದ್ದಾ, ಅಂದ್ಕೊಂಡಿದ್ದಾ?"

ಕಂಡದ್ದು ಇಷ್ಟೇ. ಸೊಸೆ ನಮ್ಮೆದುರು ಕೂತಲ್ಲಿಂದ ಏಳಲಿಲ್ಲ. ನಾಲ್ಕು ಲೋಟ ಇಟ್ಟಿದ್ದಳು. ನಾಲ್ಕೂ ಖಾಲಿಯಾಗಿದ್ದವು.

ಈಗ ಅಕ್ಕ ಕರೆದರೆ ನಾನೂ ಬಂದೆ ಎನ್ನುವುದಿಲ್ಲ. ಯಂತ್ರ ನಿಲ್ಲಿಸಿ ಎದ್ದು ಹೋಗುತ್ತೇನೆ.